ಸೈಕಲ್ಲಿಗೂ ಒಂದು ನಂಬರ್ ಇತ್ತು

ಈ ಸಲ ಯುದ್ಧವೂ ಇಲ್ಲ, ಸಾಮ್ರಾಜ್ಯವೂ ಇಲ್ಲ. ಸೈಕಲ್ ಕಳ್ಳತನದ ಚರಿತ್ರೆ. ಕಾರಣ ಸ್ವಂತದ್ದು: ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ನನ್ನ ಸೈಕಲ್ ಹೋಯ್ತು. ದೂರು ಕೊಡೋಕೆ ಹೋದಾಗ ಕೇಳಿದ ಮೊದಲ ಪ್ರಶ್ನೆ, "ನಂಬರ್ ಏನು?" ಎಂಟೆಕ್ ಮಾಡಿದೀನಿ, ಆಫೀಸಲ್ಲಿ ದಿನಾ ಯುನೀಕ್ ಐಡಿ ವಿಷಯಕ್ಕೆ ಜಗಳ ಆಡ್ತೀನಿ. ನನ್ನ ಸೈಕಲ್ಲಿನ ಐಡಿ ನನಗೇ ಗೊತ್ತಿರಲಿಲ್ಲ.

ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಆಗ ನಮ್ಮೂರುಗಳಲ್ಲಿ ಪುರಸಭೆಯವರು ಸೈಕಲ್ಲಿಗೂ ತೆರಿಗೆ ಹಾಕ್ತಿದ್ರು. ಕಟ್ಟಿದವರಿಗೆ ಲೋಹದ ಒಂದು ಬಿಲ್ಲೆ. ಅದರ ಮೇಲೆ ಊರಿನ ಹೆಸರು, ವರ್ಷ, ನಂಬರ್. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ರೆ ದಂಡ, ರಾತ್ರಿ ದೀಪ ಇಲ್ಲದಿದ್ರೂ ದಂಡ. ಹಳೇ ನಾಣ್ಯ ಮಾರುವವರ ಹತ್ತಿರ ಈ ಬಿಲ್ಲೆಗಳು ಈಗಲೂ ಸಿಗ್ತವೆ. ಇದು ದುಡ್ಡು ಎತ್ತೋಕೆ ಮಾಡಿದ ವ್ಯವಸ್ಥೆ, ಕಳ್ಳರನ್ನ ಹಿಡಿಯೋಕಲ್ಲ. ಆದರೂ ಆ ಬಿಲ್ಲೆಯಿಂದ ಸೈಕಲ್ಲಿಗೆ ಒಂದು ಗುರುತು ಬರ್ತಿತ್ತು. ತೆರಿಗೆ ರದ್ದಾದಾಗ ಯಾರೂ ಅಳಲಿಲ್ಲ ಬಿಡಿ. ಜೊತೆಗೆ ಗುರುತೂ ಹೋಯ್ತು ಅನ್ನೋದು ಯಾರ ಗಮನಕ್ಕೂ ಬರಲಿಲ್ಲ.

ಉಳಿದದ್ದು ಬೀಗ. ನಮ್ಮ ಸೈಕಲ್ಲುಗಳ ಹಿಂದಿನ ಚಕ್ರಕ್ಕೇ ಕೂತಿರುವ ಬೀಗ ನೋಡಿ. ಕಡ್ಡಿಗಳ ನಡುವೆ ಒಂದು ಸರಳು ತೂರಿಸಿ ಚಕ್ರ ತಿರುಗದ ಹಾಗೆ ಮಾಡುತ್ತೆ, ಅಷ್ಟೇ. ಸೈಕಲ್ಲನ್ನ ಯಾವುದಕ್ಕೂ ಕಟ್ಟಿಹಾಕೋದಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಹೋಗುವವನನ್ನ "ಏಯ್, ಯಾರದ್ದಯ್ಯಾ ಅದು?" ಅಂತ ಕೇಳೋ ಜನ ಇರುವ ಬೀದಿಗೆ ಅದು ಸಾಕು. ಎರಡು ಸಾವಿರ ಫ್ಲ್ಯಾಟಿನ ಸೊಸೈಟಿಯಲ್ಲಿ ಕೇಳೋರು ಯಾರು?

ಅಮೆರಿಕದ ಕ್ರಿಪ್ಟೊನೈಟ್ ಕಂಪನಿ 1970ರ ದಶಕದ ಶುರುವಿನಲ್ಲಿ ಯು ಆಕಾರದ ಗಟ್ಟಿ ಬೀಗ ತಂತು. ಪರೀಕ್ಷೆಗೆ ಅಂತ ನ್ಯೂಯಾರ್ಕಿನ ರಸ್ತೆಬದಿ ಕಂಬಕ್ಕೆ ಒಂದು ಸೈಕಲ್ ಬೀಗ ಹಾಕಿ 30 ದಿನ ಬಿಟ್ರು. ಬೀಗ ಗೆದ್ದಿತು, ಬಿಚ್ಚೋಕೆ ಬರುವ ಬಿಡಿಭಾಗ ಒಂದೂ ಉಳಿದಿರಲಿಲ್ಲ! ಆಮೇಲೆ 2004ರಲ್ಲಿ ಇನ್ನೊಂದು ತಮಾಷೆ. ಆ ಬೀಗದ ದುಂಡನೆ ಕೀಲಿಯ ರಂಧ್ರಕ್ಕೆ ಬಿಕ್ ಪೆನ್ನಿನ ಪ್ಲಾಸ್ಟಿಕ್ ಕೊಳವೆ ಒತ್ತಿ ತಿರುಗಿಸಿದ್ರೆ ತೆರೆಯುತ್ತೆ ಅಂತ ಇಂಟರ್ನೆಟ್ಟಲ್ಲಿ ವಿಡಿಯೋ ಬಂತು. ಕಂಪನಿ ಬೀಗಗಳನ್ನ ಪುಕ್ಕಟೆ ಬದಲಿಸಿಕೊಡಬೇಕಾಯ್ತು. ಈ ದೋಷವನ್ನ ಬ್ರಿಟನ್ನಿನ ಒಂದು ಸೈಕಲ್ ಪತ್ರಿಕೆ 1992ರಲ್ಲೇ ಬರೆದಿತ್ತು. ಹನ್ನೆರಡು ವರ್ಷ ಓಪನ್ ಇದ್ದ ಬಗ್! ನಮ್ಮ ಟೀಮಿನ ಮ್ಯಾನೇಜರ್‌ಗಳು ಕೇಳಿಸ್ಕೋಬೇಕು.

ಹಾಗಾಗಿ ನಾನೀಗ ಫ್ರೇಮು ಮತ್ತು ಹಿಂದಿನ ಚಕ್ರ ಎರಡನ್ನೂ ಸೇರಿಸಿ, ನೆಲಕ್ಕೆ ಹೂತ ಕಂಬಕ್ಕೆ ಯು-ಲಾಕ್ ಹಾಕ್ತೀನಿ. ಅದಕ್ಕಿಂತ ಮುಖ್ಯ, ಸೈಕಲ್ಲನ್ನ ತಲೆಕೆಳಗೆ ಮಾಡಿ. ಪೆಡಲ್ ತಿರುಗುವ ಜಾಗದ ಕೆಳಗೆ ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರ್ತಾರೆ. ಅದರ ಫೋಟೋ, ಜೊತೆಗೆ ಬಿಲ್, ಎರಡನ್ನೂ ಇಟ್ಕೊಳ್ಳಿ.

ಬಿಲ್ ಯಾಕೆ ಅಂದ್ರೆ, 1860ರ ಐಪಿಸಿ 379ನೇ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303 ಬಂದಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಕಳ್ಳನಿಗೆ ಇದು ಮೊದಲ ಅಪರಾಧ, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟ ಅಂದ್ರೆ ಶಿಕ್ಷೆ ಸಮುದಾಯ ಸೇವೆ. ಇದು ಒಳ್ಳೇದೇ. ಆದರೆ ಇಂಥ ಸಣ್ಣ ಕಳ್ಳತನವನ್ನ ಅಸಂಜ್ಞೇಯ ಅಪರಾಧದ ಪಟ್ಟಿಗೆ ಹಾಕಿದಾರೆ. ಅಂದ್ರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆಗೆ ಇಳಿಯೋ ಹಾಗಿಲ್ಲ.

ಮೂವತ್ತು ಸಾವಿರದ ಗೇರ್ ಸೈಕಲ್ ಕಳ್ಕೊಂಡ ನನಗೆ ಇದರಿಂದ ತೊಂದರೆ ಇಲ್ಲ. ನಾನು ಮಾರನೇ ದಿನ ಮೆಟ್ರೋದಲ್ಲಿ ಆಫೀಸಿಗೆ ಹೋದೆ. ಎರಡು ಸಾವಿರಕ್ಕೂ ಬಾಳದ ಹಳೇ ಸೈಕಲ್ಲಲ್ಲಿ ರಾತ್ರಿ ಪಾಳಿಗೆ ಬರೋ ನಮ್ಮ ಗೇಟಿನ ಗಾರ್ಡ್‌ಗೆ ಅದು ಹೋದ್ರೆ ಕೆಲಸವೇ ಹೋದಂಗೆ. 1952ರಲ್ಲಿ ಭಾರತದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಡಿ ಸಿಕಾನ 'ಬೈಸಿಕಲ್ ಥೀವ್ಸ್' ಇತ್ತು. ಉತ್ಸವ ಮುಂಬೈಯಿಂದ ದೆಹಲಿಗೂ ಬಂದಿತ್ತು. ಅದರಲ್ಲಿ ಹೆಂಡತಿ ಮನೆಯ ಹಾಸಿಗೆ ಬಟ್ಟೆ ಅಡವಿಟ್ಟು ಬಿಡಿಸಿಕೊಟ್ಟ ಸೈಕಲ್, ಕೆಲಸದ ಮೊದಲ ದಿನವೇ ಕಳುವಾಗುತ್ತೆ.

ಮೊನ್ನೆ ಗಾರ್ಡ್ ಭಯ್ಯಾ ಜೊತೆ ಅವರ ಸೈಕಲ್ ಮಗುಚಿ, ಸೀಮೆಎಣ್ಣೆ ಬಟ್ಟೆಯಲ್ಲಿ ಜಿಡ್ಡು ಒರೆಸಿದ್ವಿ. ಬಣ್ಣದ ಎರಡು ಪದರದ ಕೆಳಗೆ ನಂಬರ್ ಇತ್ತು, ಕೊನೆಯ ಅಂಕಿ ಮಾತ್ರ ಮೂರೋ ಎಂಟೋ ಗೊತ್ತಾಗ್ಲಿಲ್ಲ. ಫೋಟೋ ತೆಗೆದು ಅವರಿಗೆ ವಾಟ್ಸಾಪ್ ಮಾಡಿದೀನಿ.