ಫ್ರೀಜರ್‌ಗಿಂತ ಮೊದಲು ಹಗೇವು: ಮುಂಚೆಯೇ ಮಾಡಿಡುವ ಊಟದ ಇತಿಹಾಸ

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಬಸ್‌ನಲ್ಲಿ ಕೂತು ಓದೋರಿಗೆ ಅಂತ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೋದಲ್ಲಿ ಜಾಗ ಸಾಲದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ವಿಷಯ ಸರಳ. ಭಾನುವಾರ ಒಂದೇ ಸಲ ಅಡುಗೆ ಮಾಡಿ, ಡಬ್ಬಿಗೆ ತುಂಬಿ, ಫ್ರೀಜರ್‌ನಲ್ಲಿಟ್ಟು ವಾರವಿಡೀ ತಿನ್ನೋದು. 'ಮೀಲ್ ಪ್ರೆಪ್' ಅಂತ ಹೆಸರಿಟ್ಟು ಅಮೆರಿಕದಿಂದ ಬಂದ ಹೊಸ ಉಪಾಯದ ಥರ ಇದನ್ನ ತೋರಿಸ್ತಾರೆ. ಸ್ವಾರಗೇಟದಲ್ಲಿ ಇರುವ ನನಗೆ ಇದು ಹೊಸದು ಅನ್ನಿಸೋದಿಲ್ಲ. ಇಲ್ಲಿನ ಬಸ್ ಸ್ಟ್ಯಾಂಡಿಗೆ ನಮ್ಮ ಕಡೆಯ ಬಸ್ಸುಗಳು ಬರುತ್ತವೆ. ಇಳಿಯುವ ಹುಡುಗರ ಚೀಲದಲ್ಲಿ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿ ಇದ್ದೇ ಇರುತ್ತವೆ. ಅದೂ ಮೀಲ್ ಪ್ರೆಪ್ಪೇ, ಕರೆಂಟ್ ಬೇಡದ್ದು ಅಷ್ಟೇ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ಆಪ್‌ನಲ್ಲಿ ಒಂದು ಊಟಕ್ಕೆ 250 ರೂಪಾಯಿ ಅಂತ ಹಿಡಿಯಿರಿ. ವಾರಕ್ಕೆ ನಾಲ್ಕು ಸಲ ತರಿಸಿದರೆ 1,000. ತಿಂಗಳಿಗೆ 4,000ಕ್ಕೂ ಹೆಚ್ಚು, ಅದೂ ಒಬ್ಬರಿಗೆ. ಇದರಲ್ಲಿ ಬೇಳೆ, ತರಕಾರಿಯ ಬೆಲೆ ಎಷ್ಟಿರಬಹುದು? ಉಳಿದದ್ದು ಬೇಯಿಸಿದವರ ಶ್ರಮ, ಪ್ಯಾಕಿಂಗ್, ಡೆಲಿವರಿ, ಮತ್ತೆ ರಾತ್ರಿ ಒಂಬತ್ತೂವರೆಗೆ ಹಸಿದು ಬಂದ ನಮ್ಮ ಆತುರ. ಆತುರಕ್ಕೆ ಯಾವಾಗಲೂ ಬೆಲೆ ಜಾಸ್ತಿ. ದಖ್ಖನ್ನಿನ ಜನಕ್ಕೆ ಇದು ನೂರಾರು ವರ್ಷಗಳಿಂದ ಗೊತ್ತಿತ್ತು.

ನೆಲದೊಳಗಿನ ಉಗ್ರಾಣ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಇಲ್ಲಿ ಮರಾಠಿಯಲ್ಲಿ ಅದಕ್ಕೆ 'ಪೇವ' ಅಂತಾರೆ. ಭಾಷೆ ಬೇರೆ, ಗುಂಡಿ ಒಂದೇ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು.

ಇದು ಕೆಲಸ ಮಾಡುವ ರೀತಿ ಚೆನ್ನಾಗಿದೆ. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಳ ಎಲ್ಲವೂ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿ ಇಲ್ಲದೆ ಹುಳ ಸಾಯುತ್ತವೆ, ಜೋಳ ಉಳಿಯುತ್ತದೆ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯೋದು. ಅವಸರ ಮಾಡಿದವರು ಉಸಿರು ಕಟ್ಟಿ ಸತ್ತದ್ದೂ ಉಂಟು.

ಸುಗ್ಗಿಯಲ್ಲಿ ಜೋಳ ಅಗ್ಗ, ಮಳೆ ತಪ್ಪಿದ ವರ್ಷ ಅದೇ ಜೋಳ ತುಟ್ಟಿ. ಹಗೇವು ಇದ್ದವರು ಅಗ್ಗದ ದಿನದ ಕಾಳನ್ನು ತುಟ್ಟಿಯ ದಿನಕ್ಕೆ ಸಾಗಿಸುತ್ತಿದ್ದರು. ನಮ್ಮ ಫ್ರೀಜರ್ ಮಾಡುವುದೂ ಇದನ್ನೇ.

1876: ಹಗೇವು ಇಲ್ಲದವರ ಕಥೆ

ಆದರೆ ಹಗೇವು ತುಂಬುವಷ್ಟು ಜೋಳ ಯಾರಿಗಿತ್ತು? ಜಮೀನಿದ್ದವರಿಗೆ. ಕೂಲಿಯವರ ಮನೆಯಲ್ಲಿ ನಾಳೆಯ ಹಿಟ್ಟು ಇದ್ದರೆ ಅದೇ ಹೆಚ್ಚು.

1876ರಲ್ಲಿ ಮಳೆ ಕೈಕೊಟ್ಟಿತು. ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ, ಜೊತೆಗೆ ಧಾರವಾಡ, ಬೆಳಗಾವಿ, ಸೊಲ್ಲಾಪುರ, ಆಚೆ ಮೈಸೂರು, ಮದ್ರಾಸ್ ಎಲ್ಲ ಕಡೆ ಬರ. 1878ರವರೆಗೆ ಲಕ್ಷಾಂತರ ಜನ ಸತ್ತರು. ಆ ವರ್ಷಗಳಲ್ಲೂ ದೇಶದಿಂದ ಧಾನ್ಯ ರಫ್ತಾಗುತ್ತಲೇ ಇತ್ತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ, ಇಡೀ ದಿನ ಕಲ್ಲು ಒಡೆಯುವವನಿಗೆ.

1870ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿದ ಸಾರ್ವಜನಿಕ ಸಭಾ ಬರದ ಬಗ್ಗೆ ಸರ್ಕಾರಕ್ಕೆ ವರದಿಗಳನ್ನು ಕಳಿಸಿತು, ಈ ಕೂಲಿ ಕಡಿತವನ್ನು ವಿರೋಧಿಸಿತು. ಆ ಹೊತ್ತಿನಲ್ಲಿ ನಮ್ಮ ಕಡೆಯವರ ಹಸಿವಿನ ಪರವಾಗಿ ಪುಣೆಯೂ ಮಾತಾಡಿತ್ತು ಅನ್ನೋದು ನಾವು ನೆನಪಿಡಬೇಕಾದ ವಿಷಯ.

ಊಟ ಕೂಡಿಡೋದು ಬರೀ ಜಾಣತನದ ವಿಷಯ ಅಲ್ಲ, ಕೂಡಿಡಲು ಮೊದಲು ಏನಾದರೂ ಇರಬೇಕು. ಇವತ್ತೂ ಫ್ರಿಜ್ ಇಲ್ಲದ ಪೀಜಿಯಲ್ಲಿ ಇರುವ ಹುಡುಗನಿಗೆ 'ಭಾನುವಾರ ಅಡುಗೆ ಮಾಡಿಡು' ಅಂದರೆ ಪ್ರಯೋಜನ ಇಲ್ಲ.

ನೀರು ತೆಗೆದ ಊಟ

ಅಂಥವರಿಗೆ ಇನ್ನೊಂದು ದಾರಿ ಇತ್ತು: ಖಡಕ್ ರೊಟ್ಟಿ. ಬಿಸಿನೀರಲ್ಲಿ ಜೋಳದ ಹಿಟ್ಟು ನಾದಿ, ಬಡಿದು, ಬೇಯಿಸಿ, ಕಟಕಟ ಅನ್ನುವ ಹಾಗೆ ಒಣಗಿಸೋದು. ನೀರಿಲ್ಲದ ಕಡೆ ಬೂಷ್ಟು ಬೆಳೆಯದು. ತಿಂಗಳುಗಟ್ಟಲೆ ಇರುತ್ತೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಎಲ್ಲದರ ತತ್ವವೂ ಇದೇ. ಬೇಸಿಗೆಯ ಬಿಸಿಲು ಪುಕ್ಕಟೆ, ಅದನ್ನ ಮಳೆಗಾಲಕ್ಕೆ ಡಬ್ಬಿಯಲ್ಲಿ ಇಡೋದು.

ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಯುತ್ತೆ. ಮುಂಚಿನಿಂದಲೇ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿ ಬಡಿದು ಕಳಿಸುತ್ತಾರೆ. ಜಾತ್ರೆಯ ದಿನ ಜಾತಿ, ಧರ್ಮ ನೋಡದೆ ಎಲ್ಲರೂ ಕೂತು ಕರಿಂಡಿ ಹಚ್ಚಿಕೊಂಡು ತಿನ್ನುತ್ತಾರೆ. 2018ರಲ್ಲಿ ಕೊಡಗಿನಲ್ಲಿ ಪ್ರವಾಹ, ಭೂಕುಸಿತ ಆದಾಗಲೂ ಉತ್ತರ ಕರ್ನಾಟಕದಿಂದ ಹೋದದ್ದು ರೊಟ್ಟಿ ಮತ್ತು ಚಟ್ನಿಪುಡಿಯೇ.

ಹಿಮ ಬಂದ ದಾರಿ

1833ರಲ್ಲಿ ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಕೋಲ್ಕತ್ತಾಗೆ ಕಳಿಸಿದ. ನಾಲ್ಕು ತಿಂಗಳ ಪಯಣದಲ್ಲಿ ಕರಗಿ, ಮುಟ್ಟಿದ್ದು 100 ಟನ್ ಆಸುಪಾಸು. ಆಗ ತಂಪು ಅನ್ನೋದು ಸಾಹೇಬರ ಸೊತ್ತು.

ಊಟವನ್ನ ಹೆಪ್ಪುಗಟ್ಟಿಸುವ ಈಗಿನ ವಿದ್ಯೆಗೆ ಮುಖ್ಯ ಹೆಸರು ಕ್ಲಾರೆನ್ಸ್ ಬರ್ಡ್ಸ್‌ಐ. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ತಕ್ಷಣ ಗಟ್ಟಿಯಾಗೋದನ್ನ, ತಿಂಗಳುಗಳ ನಂತರವೂ ತಾಜಾ ಇರೋದನ್ನ ಅವನು ನೋಡಿದ. ಬೇಗ ಹೆಪ್ಪುಗಟ್ಟಿದರೆ ಹಿಮದ ಹರಳು ಸಣ್ಣದು. ನಿಧಾನ ಆದರೆ ಹರಳು ದೊಡ್ಡದಾಗಿ ಜೀವಕೋಶ ಸೀಳುತ್ತೆ, ಕರಗಿದಾಗ ನೀರು ಬಿಟ್ಟು ಮೆತ್ತಗಾಗುತ್ತೆ. 1930ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಅವನ ಪದಾರ್ಥಗಳು ಮಾರಾಟಕ್ಕೆ ಬಂದವು. ನಮ್ಮಲ್ಲಿ ಗೋದ್ರೇಜ್ ಫ್ರಿಜ್ ತಯಾರಿಸಿದ್ದು 1958ರಲ್ಲಿ.

ಇದೇ ಕಾಲಕ್ಕೆ ಮೈಸೂರು ಬೇರೆ ದಾರಿ ಹುಡುಕುತ್ತಿತ್ತು. 1950ರಲ್ಲಿ ಸಿಎಫ್‌ಟಿಆರ್‌ಐ, 1961ರಲ್ಲಿ ಸೈನಿಕರ ಊಟಕ್ಕಾಗಿ ಡಿಎಫ್‌ಆರ್‌ಎಲ್ ಅಲ್ಲಿ ಶುರುವಾದವು. ಪೌಚ್‌ನಲ್ಲಿ ಮುಚ್ಚಿ, ಒತ್ತಡದಲ್ಲಿ ಬಿಸಿ ಮಾಡಿ, ಫ್ರಿಜ್ ಇಲ್ಲದೆ ಇಡುವ ರಿಟಾರ್ಟ್ ವಿದ್ಯೆ ಅಲ್ಲಿಂದ ಎಂಟಿಆರ್‌ನಂಥ ಕಂಪನಿಗಳಿಗೆ ಬಂತು. ಆನ್‌ಸೈಟ್‌ಗೆ ಹೋದ ನಮ್ಮಲ್ಲಿ ಎಷ್ಟೋ ಜನರ ಸೂಟ್‌ಕೇಸ್‌ನಲ್ಲಿದ್ದ ಬಿಸಿಬೇಳೆಬಾತ್‌ನ ಮೂಲ ಮೈಸೂರಿನ ಲ್ಯಾಬ್.

ಹಾಗಾದರೆ ಪುಣೆಯಲ್ಲಿ ಏನು ಮಾಡೋದು?

ಒಂದು, ಸುಗ್ಗಿ ನೋಡಿ. ಚಳಿಗಾಲದಲ್ಲಿ ಹಸಿ ಬಟಾಣಿ ಅಗ್ಗ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಸ್ವಾರಗೇಟದ ಹತ್ತಿರವೇ ಇದೆ. ತಂದು ಬಿಡಿಸಿ, ಕುದಿನೀರಲ್ಲಿ ಒಂದೆರಡು ನಿಮಿಷ ಹಾಕಿ, ತಣ್ಣೀರಿಗೆ ಹಾಕಿ, ಒರೆಸಿ ಫ್ರೀಜ್ ಮಾಡಿ.

ಎರಡು, ಇಡೀ ಊಟಕ್ಕಿಂತ ಅರ್ಧ ಊಟ ಇಡಿ. ಬೆಂದ ಬೇಳೆ, ಕಾಳು, ಈರುಳ್ಳಿ-ಟೊಮೆಟೊ ಮಸಾಲೆ, ತೆಂಗಿನ ತುರಿ ಚೆನ್ನಾಗಿ ಉಳಿಯುತ್ತವೆ. ಆಲೂಗಡ್ಡೆ ಹಾಳಾಗುತ್ತೆ, ಮಜ್ಜಿಗೆ ಹುಳಿ ಒಡೆಯುತ್ತೆ.

ಮೂರು, ಬರ್ಡ್ಸ್‌ಐ ಪಾಠ: ಆಳದ ಡಬ್ಬಿ ಬೇಡ, ತೆಳ್ಳಗೆ ಹರಡಿ ಇಡಿ. ಬೆಂದದ್ದನ್ನ ಎರಡು ಗಂಟೆಯೊಳಗೆ ಆರಿಸಿ ಒಳಗಿಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಒಮ್ಮೆ ಕರಗಿಸಿ ಹೊರಗೆ ಬಿಟ್ಟದ್ದನ್ನ ಮತ್ತೆ ಫ್ರೀಜ್ ಮಾಡಬೇಡಿ. ಗುರುವಾರ ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ, ತುಂಬಿದ ಫ್ರೀಜರ್ ಖಾಲಿಗಿಂತ ಹೆಚ್ಚು ಹೊತ್ತು ತಣ್ಣಗಿರುತ್ತೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಡಂಬಳದ ರೊಟ್ಟಿ ನೂರಾರು ಮನೆಗಳ ಕೈಯಲ್ಲಿ ಹಂಚಿಕೊಂಡ ಕೆಲಸ. ನಮ್ಮ ಎರಡು ರೂಮಿನ ಫ್ಲ್ಯಾಟಿನಲ್ಲಿ ಭಾನುವಾರದ ಆರು ಗಂಟೆಯ ಅಡುಗೆ ಒಬ್ಬಳ ಮೇಲೆಯೇ ಬಿದ್ದರೆ, ಉಳಿದ 4,000 ರೂಪಾಯಿ ಉಳಿತಾಯ ಅಲ್ಲ, ಆಕೆಗೆ ಕೊಡದ ಕೂಲಿ. ಅವಳೂ ಸೋಮವಾರ ಬೆಳಿಗ್ಗೆ ಅದೇ ಹಿಂಜವಡಿ ಬಸ್ ಹಿಡಿಯುವವಳು. ಈರುಳ್ಳಿ ಹೆಚ್ಚೋದು, ಪಾತ್ರೆ ತೊಳೆಯೋದು ಇಬ್ಬರದ್ದೂ ಆಗಲಿ. ರೂಮ್‌ಮೇಟ್‌ಗಳು ಇದ್ದರೆ ಒಬ್ಬ ಬೇಳೆ, ಒಬ್ಬ ಮಸಾಲೆ, ಒಬ್ಬ ಮಾರ್ಕೆಟ್. ಪಕ್ಕದ ಪೀಜಿಯ ಹುಡುಗನಿಗೂ ಒಂದು ಡಬ್ಬಿ ಹೋಗಲಿ.

ನಿಮ್ಮ ಊರಲ್ಲಿ ಹಗೇವಿಗೆ ಏನಂತಿದ್ದರು? ಅಜ್ಜಿ, ಅಜ್ಜನ ಹತ್ತಿರ ಕೇಳಿ ಕಾಮೆಂಟ್‌ನಲ್ಲಿ ಬರೆಯಿರಿ. ಮುಂದಿನ ವಾರ ಸಿಗೋಣ.