ಜೀನಿನ ಮೇಲಿನ ಪಾಯಜಾಮ

ಹೊಸದಾಗಿ ಕುದುರೆ ಏರಿದವರಿಗೆ ಮೊದಲು ಉರಿಯುವುದು ತೊಡೆಯ ಒಳಮೈ, ಆಮೇಲೆ ಮೊಣಕಾಲಿನ ಬದಿ. ಧೋತರ ಉಟ್ಟು ಕುಳಿತರೆ ಅದು ಜೀನಿನ ಮೇಲೆ ಮುದುಡಿ ಗಂಟಾಗುತ್ತದೆ. ಲುಂಗಿ ಕಾಲು ಅಗಲಿಸಲಿಕ್ಕೇ ಬಿಡುವುದಿಲ್ಲ. ಇವೆರಡೂ ನಡೆಯುವ, ಹೊಲದಲ್ಲಿ ದುಡಿಯುವ ಬದುಕಿಗೆ ಒದಗಿದ ಉಡುಗೆಗಳು. ಕುದುರೆ ಬೇರೆಯದನ್ನೇ ಕೇಳಿತು.

ಚೀನಾದ ಶಿಂಜಿಯಾಂಗ್ ಪ್ರಾಂತದ ತುರ್ಫಾನ್ ಬಳಿಯ ಗೋರಿಗಳಲ್ಲಿ ಸುಮಾರು 3000 ವರ್ಷ ಹಳೆಯ ಉಣ್ಣೆಯ ಷರಾಯಿಗಳು ಸಿಕ್ಕಿವೆ. 2014ರಲ್ಲಿ ಅವುಗಳ ಅಧ್ಯಯನ ಪ್ರಕಟವಾಯಿತು. ಕಾಲಿಗೊಂದರಂತೆ ಎರಡು ತುಂಡು, ನಡುವೆ ಅಗಲವಾದ ಮೂರನೆಯ ತುಂಡು. ಉರ್ದು ಬಲ್ಲ ದರ್ಜಿಗಳು ಆ ನಡುವಿನ ತುಂಡನ್ನು ಇಂದಿಗೂ ‘ಮಿಯಾನಿ’ ಎನ್ನುತ್ತಾರೆ. ಸವಾರನ ಸುಖವೆಲ್ಲ ಇರುವುದು ಅಲ್ಲಿಯೇ. ಹೊಲಿಗೆಯ ದಪ್ಪ ಅಂಚು ಮೈಗೂ ಜೀನಿಗೂ ನಡುವೆ ಸಿಕ್ಕಿಕೊಳ್ಳದಂತೆ, ಕಾಲು ಎಳೆಯದಂತೆ ಅದು ಕಾಯುತ್ತದೆ.

ಪಾಯಜಾಮ ಸಾಬರದು, ಧೋತರ ಹಿಂದೂಗಳದು ಎಂದು ಬಟ್ಟೆಯನ್ನು ಪಾಲು ಹಂಚುವವರು ನಮ್ಮ ನಡುವೆ ಇದ್ದಾರೆ. ಪದಗಳು ಆ ಪಾಲನ್ನು ಒಪ್ಪುವುದಿಲ್ಲ. ‘ಪಾಯಜಾಮ’ ಪಾರಸಿ ಮಾತು. ಕಾಲಿನ ಉಡುಪು ಎಂದಷ್ಟೇ ಅರ್ಥ. ‘ಇಜಾರ’ದ ಮೂಲ ಅರಬ್ಬಿಯ ‘ಇಜಾರ್’. ಅದು ಹೊಲಿಗೆಯೇ ಇಲ್ಲದ, ಸೊಂಟಕ್ಕೆ ಸುತ್ತುವ ಬಟ್ಟೆ. ಹಜ್ಜಿಗೆ ಹೋದ ಗಂಡಸರು ಇಹ್ರಾಮಿನಲ್ಲಿ ಉಡುವುದು ಅದನ್ನೇ. ಅಲ್ಲಿ ಪಾಯಜಾಮಕ್ಕೆ ಅನುಮತಿಯಿಲ್ಲ. ಇತ್ತ ಇಸ್ಲಾಮಿಗಿಂತ ಕೆಲವು ಶತಮಾನ ಮೊದಲೇ ಕುಷಾಣ ಅರಸರು ಷರಾಯಿ, ಬೂಟು ತೊಟ್ಟು ತಮ್ಮ ನಾಣ್ಯಗಳ ಮೇಲೆ ನಿಂತಿದ್ದರು. ಕನ್ನಡದಲ್ಲಿಯೂ ‘ಚಲ್ಲಣ’ ಇತ್ತು. ರಿಕಾಪಿಗೆ ‘ಅಂಕವಣೆ’ ಎಂಬ ಹಳೆಯ ಹೆಸರಿತ್ತು. ಜೀನು, ಲಗಾಮು, ರಿಕಾಪು ಬಂದು ಅವುಗಳ ಪಕ್ಕದಲ್ಲಿ ಕುಳಿತವು.

ನಮ್ಮ ಯಾವಗಲ್ಲಿನ ಸುತ್ತಲಿನ ಎರೆಭೂಮಿಗೂ ಕುದುರೆ ಹೊಸದಲ್ಲ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಸವಾರರು ಸುರೇಬಾನಕ್ಕೆ ನುಗ್ಗಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಅಂಥ ರಾತ್ರಿಯ ಸವಾರಿಯಲ್ಲಿ ಬಟ್ಟೆಯ ಹೊಲಿಗೆ ಗಟ್ಟಿಯಿದೆಯೇ ಎಂಬುದನ್ನು ಬಿಟ್ಟು ಬೇರೇನನ್ನು ಯಾರು ಕೇಳಿಯಾರು?

ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. 1580ರ ನಂತರ ಬಾಲಕ ಇಬ್ರಾಹಿಂ ಆದಿಲ್‌ಷಾಹನ ಪರವಾಗಿ ಬಿಜಾಪುರ ನೋಡಿಕೊಂಡ ಚಾಂದಬೀಬಿಯನ್ನು ದಖನಿ ಚಿತ್ರಕಾರರು ಕುದುರೆಯ ಮೇಲೆ, ಗಿಡುಗನ ಬೇಟೆಯಲ್ಲಿ ಚಿತ್ರಿಸಿದ್ದಾರೆ. ಮರಾಠಾ ಹೆಂಗಸರು ಸೀರೆಗೆ ಕಚ್ಚೆ ಹಾಕಿ ಸವಾರಿ ಮಾಡಿದರು. ಅದೇ ಕಾಲಕ್ಕೆ ಇಂಗ್ಲೆಂಡಿನ ಕುಲೀನ ಸ್ತ್ರೀಯರು ಉದ್ದ ಲಂಗ ತೊಟ್ಟು, ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರಬೇಕಿತ್ತು. ಇಪ್ಪತ್ತನೆಯ ಶತಮಾನ ಬರುವವರೆಗೂ ಅವರಿಗೆ ಬಿಡುಗಡೆಯಿರಲಿಲ್ಲ.

1897ರಲ್ಲಿ ಜೋಧಪುರದ ಸರ್ ಪ್ರತಾಪ್ ಸಿಂಗ್ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆ ಲಂಡನ್ನಿಗೆ ಹೋದಾಗ, ತೊಡೆಯಲ್ಲಿ ಸಡಿಲ, ಮೊಣಕಾಲಿನ ಕೆಳಗೆ ಬಿಗಿಯಾದ ಷರಾಯಿಯೂ ಜೊತೆಗೆ ಹೋಯಿತು. ಊರಿನ ಹೆಸರೇ ಅದಕ್ಕೆ ಅಂಟಿತು. ಹಿಗ್ಗದ ಬಟ್ಟೆಯ ಕಾಲದಲ್ಲಿ ತೊಡೆಯ ಆ ಸಡಿಲ ಅನಿವಾರ್ಯ. ಚೂಡಿದಾರದ ದರ್ಜಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹಿಗ್ಗು ತಂದಿದ್ದ. 1958ರಲ್ಲಿ ಹಿಗ್ಗುವ ನೂಲೇ ಅಮೆರಿಕದಲ್ಲಿ ತಯಾರಾದ ಮೇಲೆ ಸವಾರನ ಷರಾಯಿ ಮೈಗಂಟಿತು.

ಇಂದು ಕಲಿಯುವವರು ದುಬಾರಿ ಬಟ್ಟೆಗಾಗಿ ಕಾಯಬೇಕಿಲ್ಲ. ಒಳಗಾಲಿನ ಹೊಲಿಗೆ ದಪ್ಪವಿರುವ ಜೀನ್ಸ್ ಬೇಡ. ಜಾರುವ ನೈಲಾನೂ ಬೇಡ. ಪಾದದ ತನಕ ಬರುವ, ಸ್ವಲ್ಪ ಹಿಗ್ಗುವ ಹತ್ತಿಯ ಚೂಡಿದಾರ ಸಾಕು. ಅಗಲ ಸಲ್ವಾರಿನ ನೆರಿಗೆ ರಿಕಾಪಿಗೆ ಸಿಕ್ಕೀತು, ಎಚ್ಚರ. ಲಾಡಿಯ ಗಂಟು ಒತ್ತದಿರಲಿ, ಬೂಟಿಗೆ ಚಿಕ್ಕ ಹಿಮ್ಮಡಿ ಇರಲಿ. ಕುದುರೆ ಕಲಿಯಬೇಕೆನ್ನುವ ಮಗಳಿಗೆ ‘ಈ ಬಟ್ಟೆ ನಮ್ಮದಲ್ಲ’ ಎನ್ನುವ ಮೊದಲು, ಅದನ್ನು ಯಾರು ಯಾರು ತೊಟ್ಟಿದ್ದರೆಂದು ಮನೆಯ ಹಿರಿಯರು ಒಮ್ಮೆ ನೆನೆಯಲಿ. ಆಮೇಲೆ ಅವಳ ಅಳತೆ ತೆಗೆಸಲಿ.