ಚಂದ್ರವಳ್ಳಿ ಮಡಕೆ ಚೂರು ನೋಡೋಕೆ ಬೆಂಗಳೂರಿಗೆ ಹೋಗಬೇಕಾಯ್ತು

ಅವ್ವನ ಕಣ್ಣಿನ ಆಪರೇಷನ್‌ಗೆ ಅಂತ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ಆಸ್ಪತ್ರೆಯಲ್ಲಿ ಶುಗರ್ ಜಾಸ್ತಿ ಇದೆ, ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ವಾಪಸ್ ಊರಿಗೆ ಹೋಗಿ ಮತ್ತೆ ಬರುವ ಬದಲು ಅಕ್ಕನ ಮನೆಯಲ್ಲೇ ಉಳಿದೆವು. ಅಕ್ಕ, ಭಾವ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಅವ್ವ, ಟಿವಿ. ಎರಡನೇ ದಿನಕ್ಕೇ ಅವ್ವನಿಗೆ ಬೇಜಾರು ಬಂತು. 'ಎಲ್ಲಾದ್ರೂ ಕರ್ಕೊಂಡು ಹೋಗೋ' ಅಂದಳು.

ಕಬ್ಬನ್ ಪಾರ್ಕ್ ಪಕ್ಕದ ಕೆಂಪು ಕಟ್ಟಡ ನೆನಪಾಯಿತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಶುರುವಾದ ಸಂಸ್ಥೆ ಅದು. ಈಗಿನ ಕಟ್ಟಡಕ್ಕೆ 1877ರಿಂದ ಬಂತು. ಡಿಪ್ಲೊಮಾ ಓದುವಾಗ ಹತ್ತಾರು ಸಲ ಅದರ ಮುಂದೆ ಬಸ್ಸಲ್ಲಿ ಹೋಗಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಅವತ್ತು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ಮಡಕೆ ಚೂರು ಇಟ್ಟಿದ್ದರು. ಬರಹ ಓದಿದೆ: ಚಂದ್ರವಳ್ಳಿ.

ನಮ್ಮ ದುರ್ಗದ ಚಂದ್ರವಳ್ಳಿ! ಸ್ಕೂಲಿನಿಂದ ಪಿಕ್ನಿಕ್ ಹೋಗಿ, ಕೆರೆ ದಂಡೆ ಮೇಲೆ ಚಿತ್ರಾನ್ನ ತಿಂದು, ಗುಹೆಯೊಳಗೆ ಕೂಗಾಡಿ ಬಂದ ಜಾಗ.

ಅವ್ವ ಬಗ್ಗಿ ನೋಡಿ ಅಂದಳು: 'ಇಂಥವು ನಮ್ಮ ಹೊಲದಾಗೂ ಸಿಗ್ತಿದ್ವಲ್ಲೋ. ನೇಗಿಲಿಗೆ ಸಿಕ್ಕಿದ್ದನ್ನ ನಿಮ್ಮ ತಾತ ಆರಿಸಿ ಆರಿಸಿ ಬದಕ್ಕೆ ಎಸೀತಿದ್ರು.'

ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಈ ಬರಹ ಅಲ್ಲಿಂದ ಶುರು.

ಆ ಚೂರಿನ ಕಥೆ

ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929ರ ಸುಮಾರಿಗೆ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಇಂಗ್ಲಿಷ್ ಪುರಾತತ್ವಜ್ಞ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಅಗೆಸಿದ. ದಕ್ಷಿಣ ಭಾರತದಲ್ಲಿ ಯಾವ ಕಾಲದ ಜನ ಯಾವಾಗ ಇದ್ದರು ಅಂತ ಲೆಕ್ಕ ಹಾಕಲು ಆಗ ಸರಿಯಾದ ಆಧಾರ ಇರಲಿಲ್ಲ. ಆ ಆಧಾರ ಸಿಕ್ಕಿದ್ದು ನಮ್ಮ ಜಿಲ್ಲೆಯ ಮಣ್ಣಿನಲ್ಲಿ.

ಹೇಗೆ ಅಂದರೆ, ಮಣ್ಣು ಪದರ ಪದರವಾಗಿ ಕೂತಿರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಬ್ರಹ್ಮಗಿರಿಯಲ್ಲಿ ಕೆಳಗೆ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ಪದರ. ಅದರ ಮೇಲೆ ಕಬ್ಬಿಣ ಬಳಸಿದ, ಸತ್ತವರಿಗೆ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದ ಜನರದು. ಅದಕ್ಕೂ ಮೇಲೆ ಶಾತವಾಹನರ ಕಾಲದ್ದು. ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಸಿಕ್ಕವು. ಆ ನಾಣ್ಯಗಳ ಕಾಲ ಗೊತ್ತಿದ್ದರಿಂದ, ಅವುಗಳ ಜೊತೆ ಸಿಕ್ಕ ಮಡಕೆಯ ಕಾಲವನ್ನೂ ಅಂದಾಜು ಮಾಡಬಹುದು. ಅಂದರೆ ನಾವು ಕಸ ಅಂತ ಎಸೆಯುವ ಚೂರು ಪುರಾತತ್ವದವರಿಗೆ ಕ್ಯಾಲೆಂಡರ್ ಇದ್ದ ಹಾಗೆ. ಸುಮಾರು 2000 ವರ್ಷದ ಹಿಂದೆ ರೋಮ್ ದೇಶದ ದುಡ್ಡು ದುರ್ಗದ ಗುಡ್ಡದ ಸಂದಿಗೆ ಬಂದಿತ್ತು ಅನ್ನೋದನ್ನ ನನಗೆ ಊರಲ್ಲಿ ಯಾರೂ ಹೇಳಿರಲಿಲ್ಲ.

ಅದೇ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆ ಶಾಸನ ಇದೆ, ಪ್ರಾಕೃತ ಭಾಷೆಯದು. ಅದರಲ್ಲಿ ಕೆರೆಯ ಮಾತಿದೆ. ನಮ್ಮ ಕಡೆಯ ರಾಜರಿಗೆ ಆವತ್ತಿನಿಂದಲೂ ನೀರಿನದೇ ಚಿಂತೆ ಅಂತ ಕಾಣುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು, 1933ರಲ್ಲಿ ಕೋಡಿ ಬಿತ್ತು, ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ಆ 89 ವರ್ಷದ ಕಾಯುವಿಕೆಗೆ ನಾವೇ ಸಾಕ್ಷಿ. ಮುಂದೆ ಯಾರೋ ಅದರ ಬಗ್ಗೆ ಉಪನ್ಯಾಸ ಕೊಡುತ್ತಾರೆ.

ಪೇಪರಿನ ಸಣ್ಣ ಅಂಕಣ

ಮರುದಿನ ಅಕ್ಕನ ಮನೆಗೆ ಬಂದ ಪೇಪರಿನ ಒಳಪುಟದಲ್ಲಿ ಒಂದು ಸಣ್ಣ ಅಂಕಣ ಕಂಡಿತು. ಆ ದಿನ ನಗರದಲ್ಲಿ ಎಲ್ಲಿ ಏನು ಕಾರ್ಯಕ್ರಮ ಅನ್ನುವ ಪಟ್ಟಿ. ಉಪನ್ಯಾಸ, ಚಿತ್ರ ಪ್ರದರ್ಶನ, ನಾಟಕ, ಪುಸ್ತಕ ಬಿಡುಗಡೆ. ನಮ್ಮ ಜಿಲ್ಲೆಗೆ ಬರುವ ಆವೃತ್ತಿಯಲ್ಲಿ ಆ ಪಟ್ಟಿ ಇರುವುದಿಲ್ಲ. ಅದೇ ಪತ್ರಿಕೆಗೆ ವರ್ಷಗಟ್ಟಲೆ ಸುದ್ದಿ ಕಳಿಸಿದವನಿಗೆ ಆ ಪಟ್ಟಿ ಇರುವುದೇ ಗೊತ್ತಿರಲಿಲ್ಲ. ಅದರಲ್ಲಿ ಬಸವನಗುಡಿಯ ಒಂದು ಸಭಾಂಗಣದಲ್ಲಿ ಸಂಜೆ ಶಾಸನಗಳ ಬಗ್ಗೆ ಮಾತು, ಪ್ರವೇಶ ಉಚಿತ ಅಂತ ಇತ್ತು. ಹೋದೆ.

ನಲವತ್ತು ಜನ ಇದ್ದರು. ಹೆಚ್ಚಿನವರು ನಿವೃತ್ತರು, ಐದಾರು ಜನ ಕಾಲೇಜು ಹುಡುಗರು. ಪಕ್ಕದಲ್ಲಿ ಕೂತಿದ್ದ ಹಿರಿಯರು ಮಾತಿಗೆ ಮೊದಲು 'ಯಾವೂರಪ್ಪ?' ಅಂದರು.

'ಹೊಳಲ್ಕೆರೆ ತಾಲ್ಲೂಕು ಸಾರ್.'

'ಓಹೋ! ಹಾಗಾದ್ರೆ ಹೊಸದುರ್ಗ ಪಕ್ಕದಲ್ಲೇ. ಹೆಗ್ಗೆರೆ ಬಸದಿ ಈಗ ಹೇಗಿದೆ? ನಾನು ನೋಡಿ ಮೂವತ್ತು ವರ್ಷ ಆಯ್ತು.'

'ಚೆನ್ನಾಗಿದೆ ಸಾರ್' ಅಂದೆ.

ಸುಳ್ಳು. ನಾನು ಹೆಗ್ಗೆರೆ ಬಸದಿ ನೋಡಿರಲೇ ಇಲ್ಲ. ಹೊಯ್ಸಳರ ಕಾಲದ, 12ನೇ ಶತಮಾನದ ಪಾರ್ಶ್ವನಾಥ ಬಸದಿ ಅಲ್ಲಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಹೊಸದುರ್ಗ ತಾಲ್ಲೂಕಿನಿಂದ ಮಳೆ, ಬೆಳೆ, ಅಪಘಾತ, ಚುನಾವಣೆ ಎಲ್ಲ ವರದಿ ಮಾಡಿದ್ದೇನೆ. ಬಸವನಗುಡಿಯ ಮುದುಕರೊಬ್ಬರು ಮೂವತ್ತು ವರ್ಷದಿಂದ ನೆನಪಿಟ್ಟುಕೊಂಡ ಜಾಗ ನನಗೆ ಹೆಸರಿಗೂ ಗೊತ್ತಿಲ್ಲ. ಉಪನ್ಯಾಸದ ಮೊದಲ ಹತ್ತು ನಿಮಿಷ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಕಲ್ಲು ಅವರ ಪುಸ್ತಕಕ್ಕೆ ಹೇಗೆ ಹೋಯಿತು?

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ 1885ರಲ್ಲಿ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಬಿ.ಎಲ್. ರೈಸ್. ಅವರ ಕಾಲದಲ್ಲಿ ಶಾಸನಗಳಿಗಾಗಿ ಹಳ್ಳಿ ಹಳ್ಳಿ ಹುಡುಕಿದರು. ಶಾಸನ ಸಿಕ್ಕರೆ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಕುಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಹಚ್ಚಿ ಅಚ್ಚು ತೆಗೆಯುವುದು ಪದ್ಧತಿ. ಹಾಗೆ ಓದಿದ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಾದವು. 11ನೇ ಸಂಪುಟ ಪೂರ್ತಿ ನಮ್ಮ ಚಿತ್ರದುರ್ಗ ಜಿಲ್ಲೆಯದು. ತಾಲ್ಲೂಕುವಾರು ನಂಬರ್ ಹಾಕಿ, ಯಾವ ಊರಿನ ಯಾವ ಜಾಗದ ಕಲ್ಲು ಅಂತ ಬರೆದಿದ್ದಾರೆ.

ಅದೇ ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಸುವರ್ಣಗಿರಿಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಆದರೂ ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ, ನಾವು ಕಾಗದ ಬರೆಯುತ್ತಿದ್ದ ಹಾಗೆಯೇ. ಕೊನೆಯಲ್ಲಿ ಬರೆದವನ ಹೆಸರು ಚಪಡ ಅಂತಿದೆ. ಅವನು ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ದೇಶದ ವಾಯವ್ಯ ಮೂಲೆಯ ಲಿಪಿ ಅದು. ಎಲ್ಲಿಂದಲೋ ಬಂದ ಗುಮಾಸ್ತ ನಮ್ಮ ಬಂಡೆ ಮೇಲೆ ತನ್ನ ಗುರುತು ಬಿಟ್ಟು ಹೋದ.

ರಾಜಧಾನಿಗೆ ಎಲ್ಲವೂ ಹೋಗುವುದು ಆಡಳಿತದ ಸ್ವಭಾವ. ದೂರು ಹೇಳಿ ಪ್ರಯೋಜನವಿಲ್ಲ. ಅಲ್ಲಿಗೆ ಹೋಗಿದ್ದರಿಂದಲೇ ಎಷ್ಟೋ ಉಳಿದಿದೆ ಕೂಡ. ನನ್ನ ಬೇಸರ ಬೇರೆ: ಹೋದದ್ದರ ಸುದ್ದಿ ಊರಿಗೆ ವಾಪಸ್ ಬರಲಿಲ್ಲ. ನಮಗೆ ದುರ್ಗದ ಇತಿಹಾಸ ಬಂದದ್ದು ತ.ರಾ.ಸು. ಕಾದಂಬರಿಗಳಿಂದ, 1972ರ 'ನಾಗರಹಾವು' ಸಿನಿಮಾದ ಓಬವ್ವನಿಂದ. ಅವು ದೊಡ್ಡವು. ಆದರೆ 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಕಥೆಗೆ ಮುಂಚೆಯೂ ನಮ್ಮೂರಲ್ಲಿ ಜನ ಇದ್ದರು.

ನೀವು ಬೆಂಗಳೂರಿಗೆ ಹೋದಾಗ

ಆಸ್ಪತ್ರೆಗೋ, ಕೋರ್ಟಿಗೋ, ಮಗಳ ಮನೆಗೋ ಹೇಗೂ ಹೋಗುತ್ತೀರಿ. ಅರ್ಧ ದಿನ ಉಳಿದರೆ ಹೀಗೆ ಮಾಡಿ.

ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ವಸ್ತುಸಂಗ್ರಹಾಲಯಕ್ಕೆ ನಡೆದು ಹೋಗಬಹುದು. ಅಲ್ಲಿ ಆತಕೂರು ಶಾಸನ ತಪ್ಪದೆ ನೋಡಿ. 10ನೇ ಶತಮಾನದ್ದು. ಹಂದಿಯ ಜೊತೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಗೆ ನಿಲ್ಲಿಸಿದ ಕಲ್ಲು. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತದೆ.

ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಹುಟ್ಟಿದ್ದು. ಉಪನ್ಯಾಸ ನಡೆಸುತ್ತಾರೆ, ಒಳ್ಳೆಯ ಗ್ರಂಥಾಲಯ ಇದೆ. ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನೂ ಅವರು ಮಾಡಿದ್ದಾರೆ. ಬಸವನಗುಡಿ ಕಡೆ ಡಿವಿಜಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇವೆ. ಎರಡೂ 1945ರವು. ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಇಂಥ ಸಭೆಗಳಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆಹ್ವಾನ ಪತ್ರಿಕೆಯೂ ಬೇಡ.

ಆ ದಿನದ ಪೇಪರಿನ ಕಾರ್ಯಕ್ರಮ ಪಟ್ಟಿ ನೋಡಿ. ಸೋಮವಾರ ಅನೇಕ ಸಂಗ್ರಹಾಲಯ ಬಂದ್ ಇರುತ್ತವೆ, ರಿಪೇರಿಗೆ ಮುಚ್ಚಿರುವುದೂ ಉಂಟು, ಫೋನ್ ಮಾಡಿ ಹೋಗಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25 ಪರಂಪರೆ ಸಪ್ತಾಹ. ಆಗ ಕಾರ್ಯಕ್ರಮ ಜಾಸ್ತಿ.

ಒಂದು ಮಾತು. ಒಂದು ಪ್ರದರ್ಶನದಲ್ಲಿ ಎಲ್ಲ ಬೋರ್ಡೂ ಇಂಗ್ಲಿಷಿನಲ್ಲೇ ಇತ್ತು. ಬಾಗಿಲಲ್ಲಿದ್ದವನು ಅವ್ವನ ಸೀರೆ, ಕೈಯಲ್ಲಿದ್ದ ವೈರ್ ಬುಟ್ಟಿ ನೋಡಿ 'ಏನು ಬೇಕಿತ್ತು?' ಅಂದ. 'ನೋಡಕ್ಕೆ ಬಂದೀವಿ' ಅಂದಳು ಅವ್ವ, ಒಳಗೆ ನಡೆದಳು. ನೀವೂ ಹಾಗೇ ಮಾಡಿ. ಅಲ್ಲಿರುವುದು ನಮ್ಮದೇ ಸಾಮಾನು.

ವಾಪಸ್ ಬಂದ ಮೇಲೆ

ಅವ್ವನ ಆಪರೇಷನ್ ಆಯಿತು. ಊರಿಗೆ ಬಂದ ಮೊದಲ ಭಾನುವಾರ ಬೈಕ್ ತೆಗೆದು ಹೆಗ್ಗೆರೆಗೆ ಹೋದೆ. ಕಪ್ಪು ಕಲ್ಲಿನ ಸಣ್ಣ ಬಸದಿ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಒಳಗಿನ ಕಂಬಕ್ಕೆ ಕೈ ಇಟ್ಟರೆ ತಣ್ಣಗೆ. ಅರ್ಧ ಗಂಟೆ ಕೂತಿದ್ದೆ, ಒಬ್ಬರೂ ಬರಲಿಲ್ಲ. ಆ ಹಿರಿಯರಿಗೆ ಹೇಳೋಣ ಅಂದರೆ ಅವರ ನಂಬರ್ ತಗೊಂಡಿರಲಿಲ್ಲ.

ಆಮೇಲೆ ಒಂದೊಂದೇ ನೋಡುತ್ತಿದ್ದೇನೆ. ಹಿರಿಯೂರಿನ ತೇರುಮಲ್ಲೇಶ್ವರ, ದುರ್ಗದ ರಂಗಯ್ಯನ ಬಾಗಿಲ ಮ್ಯೂಸಿಯಂ, 1475ರದು ಎನ್ನುವ ನಮ್ಮ ಹೊಳಲ್ಕೆರೆಯ ದೊಡ್ಡ ಗಣಪ. ಗಣಪನ ಬೆನ್ನ ಹಿಂದೆ ಜಡೆ ಇದೆ, ಎಷ್ಟು ಜನ ನೋಡಿದ್ದೀರಿ?

ಊರಲ್ಲಿ ಕಾರ್ಯಕ್ರಮ ಆಗಲ್ಲ ಅನ್ನಬೇಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರ್ ನಾಟಕೋತ್ಸವಕ್ಕೆ ಬೆಂಗಳೂರಿನವರೇ ಬರುತ್ತಾರೆ. ನಾಟಕಕ್ಕೆ ಆದದ್ದು ಇತಿಹಾಸಕ್ಕೆ ಯಾಕೆ ಆಗಬಾರದು? ಬೆಂಗಳೂರಿನ ಹೆಬ್ಬಾಳದಲ್ಲಿ 8ನೇ ಶತಮಾನದ ಕಿಟ್ಟಯ್ಯನ ವೀರಗಲ್ಲಿಗೆ ಜನರೇ ಸೇರಿ ಮಂಟಪ ಕಟ್ಟಿಸಿದರು. ಫ್ಲೈಓವರ್ ಕೆಳಗಿನ ಊರಿನವರಿಗೆ ಆದದ್ದು ನಮಗೆ ಆಗಲ್ಲವೇ?

ಶಾಲೆ ಹಿಂದೆ, ಹನುಮಪ್ಪನ ಗುಡಿ ಮುಂದೆ, ಕೆರೆ ಏರಿ ಮೇಲೆ ನಿಂತ ಕಲ್ಲುಗಳನ್ನು ನೋಡಿ. ಮೂರು ಅಂಕಣ ಇದ್ದರೆ, ಕೆಳಗೆ ಜಗಳ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತದ್ದು ಇದ್ದರೆ ಅದು ವೀರಗಲ್ಲು. ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಬಳೆ ತೊಟ್ಟ ಎತ್ತಿದ ಕೈ ಇದ್ದರೆ ಮಾಸ್ತಿಕಲ್ಲು. ಬಣ್ಣ ಬಳಿಯಬೇಡಿ. ಅದರ ಮೇಲೆ ಬಟ್ಟೆ ಒಗೆಯಬೇಡಿ. ನಿಧಿ ಆಸೆಗೆ ಕೆಳಗೆ ಅಗೆಯುವವರನ್ನು ಕಂಡರೆ ಪೊಲೀಸರಿಗೆ ಹೇಳಿ. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲೇ ತೆರೆದು ನಿಮ್ಮ ಊರ ಹೆಸರು ಹುಡುಕಿ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದಿಟ್ಟ ಜಾಗದಲ್ಲಿ ಆ ಕಲ್ಲು ಈಗಲೂ ಇದೆಯಾ ನೋಡಿ, ಫೋಟೊ ತೆಗೆದು ನಮಗೆ ಕಳಿಸಿ.

ಅವ್ವ ಈಗ ಹೊಲಕ್ಕೆ ಹೋದರೆ ಸುಮ್ಮನೆ ಬರುವುದಿಲ್ಲ. ಹೊಸ ಕಣ್ಣು ಬಂದಿದೆಯಲ್ಲ. ಮೊನ್ನೆ ಬದದ ಮೇಲಿನ ಕೆಂಪು ಚೂರೊಂದನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು ಕೇಳಿದಳು: 'ಇದು ಎಷ್ಟು ವರ್ಷದ್ದೋ?' ನನಗೆ ಗೊತ್ತಿಲ್ಲ. ಎಲ್ಲಿ ಸಿಕ್ಕಿತು ಅಂತ ಚೀಟಿ ಬರೆದು, ಚೂರಿನ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಗೊತ್ತಿರುವವರಿಗೆ ತೋರಿಸಬೇಕು.